ಎಂಟೇ ಗಂಟೆ ತೋರಿಸುವ ಟೈಮ್‌ಶೀಟ್

ಆಫೀಸಿನ ವಾತಾವರಣ ಹದಗೆಟ್ಟಿದೆಯಾ ಅಂತ ತಿಳಿಯಲು ಎಚ್‌ಆರ್‌ನವರು ಸರ್ವೆ ಮಾಡಿಸುತ್ತಾರೆ. ಅದಕ್ಕೂ ಮೊದಲು, ಯಾವ ದಿನ ಎಷ್ಟು ಗಂಟೆ ದುಡಿದೆವು ಅಂತ ನೌಕರರು ತುಂಬಿಸುವ ಟೈಮ್‌ಶೀಟ್ ತೆಗೆದು ನೋಡಿ ಅಂತೀನಿ.

ಬೆಂಗಳೂರಿನ ಐಟಿ ಸರ್ವಿಸ್ ಕಂಪನಿಗಳಲ್ಲಿ ದಿನಕ್ಕೆ ಹನ್ನೊಂದು ಗಂಟೆ ದುಡಿದವರೂ ಶುಕ್ರವಾರ ಸಂಜೆ ಎಂಟೆಂಟು ಅಂತ ತುಂಬಿಸುವುದು ಎಷ್ಟೋ ಟೀಮ್‌ಗಳಲ್ಲಿ ರೂಢಿ. ಕ್ಲೈಂಟ್‌ಗೆ ಬಿಲ್ ಆಗುವುದು ಅಷ್ಟೇ. ಜಾಸ್ತಿ ಹಾಕಿದರೆ ಮೊದಲೇ ಅಂದಾಜಿಸಿದ ಗಂಟೆ, ಅಂದರೆ ಎಸ್ಟಿಮೇಟ್, ದಾಟಿದ್ದೇಕೆ ಅಂತ ಮೇಲಿನವರು ಮ್ಯಾನೇಜರನ್ನು ಕೇಳುತ್ತಾರೆ. ಅದಕ್ಕೇ ಮ್ಯಾನೇಜರ್ ಮೊದಲೇ ‘ಎಂಟು ಹಾಕಪ್ಪ, ಸಾಕು’ ಅಂದುಬಿಡುತ್ತಾರೆ. ಮೂರು ಗಂಟೆ ಲೆಕ್ಕದಿಂದ ಮಾಯ. ಮುಂದಿನ ಪ್ರಾಜೆಕ್ಟಿಗೆ ಎಸ್ಟಿಮೇಟ್ ಹಾಕುವಾಗ ಇದೇ ಸುಳ್ಳು ಲೆಕ್ಕ ಆಧಾರವಾಗುತ್ತದೆ. ಐದು ಜನ ಹನ್ನೊಂದು ಗಂಟೆ ದುಡಿದರೆ 55 ಗಂಟೆ. ಎಂಟು ಗಂಟೆಯ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಏಳು ಜನರ ಕೆಲಸ. ಕಾಗದದಲ್ಲಿ ಮಾತ್ರ ಐದೇ ಜನ! ರಾತ್ರಿ ಹತ್ತೂಮುಕ್ಕಾಲಿಗೆ ವಾಟ್ಸಾಪ್ ಗ್ರೂಪಿನಲ್ಲಿ ಬೀಳುವ ‘ಎನಿ ಅಪ್‌ಡೇಟ್?’, ಹದಿನೈದು ನಿಮಿಷದ ಸ್ಟ್ಯಾಂಡ್‌ಅಪ್ (ಟೀಮಿನ ದಿನನಿತ್ಯದ ಚುಟುಕು ಮೀಟಿಂಗ್) ಐವತ್ತು ನಿಮಿಷದ ವಿಚಾರಣೆಯಾಗುವುದು, ಎಲ್ಲರೆದುರು ಮಾನ ಕಳೆಯುವುದು, ಇವುಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರು. ಹುಟ್ಟಾ ಕೆಟ್ಟ ಮ್ಯಾನೇಜರ್‌ಗಳು ಇಲ್ಲ ಅಂತಲ್ಲ. ಆದರೆ ಒಳ್ಳೆಯವರನ್ನೂ ಕೆಡಿಸುವುದು ಈ ಲೆಕ್ಕ.

ಸರಿಪಡಿಸಬೇಕೆಂದಿರುವ ಕಂಪನಿ ಯೋಗ ಶಿಬಿರ, ಟೀಮ್ ಲಂಚ್ ಆಮೇಲೆ ಇಟ್ಟುಕೊಳ್ಳಲಿ. ಮೊದಲು ಟೈಮ್‌ಶೀಟಿನಲ್ಲಿ ಬಿಲ್ ಆಗುವ ಗಂಟೆಗೆ ಒಂದು ಕಾಲಂ, ನಿಜವಾಗಿ ದುಡಿದ ಗಂಟೆಗೆ ಇನ್ನೊಂದು ಕಾಲಂ ಮಾಡಲಿ. ಎರಡನೆಯದನ್ನು ಸರಿಯಾಗಿ ತುಂಬಿದ್ದಕ್ಕೆ ಯಾರನ್ನೂ ಪ್ರಶ್ನಿಸಬಾರದು. ಒಬ್ಬರಿಗೆ ಬೈಗುಳ ಬಿದ್ದರೂ ಮಾರನೇ ವಾರ ಎಲ್ಲರದೂ ಮತ್ತೆ ಎಂಟು.

ಕೆಲಸ ಬಿಟ್ಟವರ ಲೆಕ್ಕವನ್ನು ಇಡೀ ಕಂಪನಿಗೆ ಅಲ್ಲ, ಮ್ಯಾನೇಜರ್‌ವಾರು ನೋಡಬೇಕು. ಎಂಟು ಜನರ ಟೀಮಿನಿಂದ ವರ್ಷಕ್ಕೆ ಮೂವರು ಹೋದರೂ ಕಂಪನಿಯ ಒಟ್ಟು ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ರಜೆಯನ್ನೂ ಹಾಗೇ ನೋಡಿ: ಮುಂಚಿತವಾಗಿ ಕೇಳಿ ಪಡೆದ ರಜೆ ಕಡಿಮೆ, ಬೆಳಿಗ್ಗೆ ಎಂಟಕ್ಕೆ ಮೆಸೇಜ್ ಹಾಕಿದ ಸಿಕ್ ಲೀವ್ ಜಾಸ್ತಿ ಇರುವ ಟೀಮಿನಲ್ಲಿ ರಜೆ ಕೇಳಲು ಜನ ಹೆದರುತ್ತಿರಬಹುದು.

ಕೆಲಸ ಬಿಡುವವರನ್ನು ಕಾರಣ ಕೇಳುವ ಎಕ್ಸಿಟ್ ಇಂಟರ್ವ್ಯೂ ಅನ್ನುವುದು ಹೆಚ್ಚಿನ ಕಡೆ ನಾಟಕ. ಕೆಲಸದಿಂದ ಬಿಡುಗಡೆಯಾದ ರಿಲೀವಿಂಗ್ ಲೆಟರ್, ಬರಬೇಕಾದ ಬಾಕಿ ಹಣದ ಫೈನಲ್ ಸೆಟಲ್‌ಮೆಂಟ್ ಎರಡೂ ಕಂಪನಿಯ ಕೈಯಲ್ಲಿರುವಾಗ ಯಾರು ನಿಜ ಹೇಳುತ್ತಾರೆ? ‘ಬೆಟರ್ ಆಪರ್ಚುನಿಟಿ’ ಅಂತ ಬರೆದು ಹೋಗುತ್ತಾರೆ. ಹಣ ಕೈಸೇರಿ ಮೂರು ತಿಂಗಳಾದ ಮೇಲೆ, ಆ ವಿಭಾಗಕ್ಕೆ ಸಂಬಂಧವಿಲ್ಲದವರು ಫೋನ್ ಮಾಡಿ ಕೇಳಲಿ. ಸರ್ವೆಗೂ ಇದೇ ಮಾತು. ನಾಲ್ಕು ಜನರ ಟೀಮಿನಲ್ಲಿ ಹೆಸರಿಲ್ಲದ ಉತ್ತರ ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಸಣ್ಣ ಟೀಮ್‌ಗಳ ಫಲಿತಾಂಶವನ್ನು ಪಕ್ಕದ ಟೀಮಿನ ಜೊತೆ ಸೇರಿಸಿಯೇ ತೋರಿಸಬೇಕು.

ಇಷ್ಟೆಲ್ಲ ಮಾಡಿ, ಮೂವರನ್ನು ಓಡಿಸಿದ ಮ್ಯಾನೇಜರ್‌ಗೆ ‘ಡೆಲಿವರಿ ಚೆನ್ನಾಗಿದೆ’ ಅಂತ ಪ್ರಮೋಷನ್ ಕೊಟ್ಟರೆ ಮುಗೀತು. ಜನ ನೋಡುವುದು ಪಾಲಿಸಿಯನ್ನಲ್ಲ, ಯಾರಿಗೆ ಹೈಕ್ (ಸಂಬಳ ಏರಿಕೆ) ಸಿಕ್ಕಿತು ಅನ್ನುವುದನ್ನು. ಮ್ಯಾನೇಜರ್ ಅಪ್ರೈಸಲ್‌ನಲ್ಲಿ ಟೀಮಿನ ಸ್ಥಿತಿಗೆ ಹೈಕ್ ತಡೆಯುವಷ್ಟು ತೂಕ ಇರಲೇಬೇಕು.

ಇನ್ನು ಕಾನೂನಿನ ಮಾತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ. 2024ರಲ್ಲಿ ದಿನಕ್ಕೆ 14 ಗಂಟೆಯ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. ಆದರೆ ನಿಮ್ಮ ಟೈಮ್‌ಶೀಟಿನಲ್ಲಿ ಎಂಟೇ ಇದ್ದರೆ, ನೀವು ಜಾಸ್ತಿ ದುಡಿದಿದ್ದಕ್ಕೆ ದಾಖಲೆಯೇ ಇಲ್ಲ. 2014ರಲ್ಲಿ ಐಟಿ ಕಂಪನಿಗಳಿಗೆ, ನೌಕರಿಯ ನಿಯಮಗಳನ್ನು ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುವಾಗ ರಾಜ್ಯ ಸರ್ಕಾರ ಹಾಕಿದ ಷರತ್ತುಗಳಲ್ಲಿ ಕುಂದುಕೊರತೆ ಸಮಿತಿಯೂ ಒಂದು, ಅದರಲ್ಲಿ ನೌಕರರ ಪ್ರತಿನಿಧಿಗಳು ಕಂಪನಿಯ ಪ್ರತಿನಿಧಿಗಳಷ್ಟೇ ಸಂಖ್ಯೆಯಲ್ಲಿರಬೇಕು ಅಂತಿತ್ತು. ನಿಮ್ಮಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಒಂದು ಮೇಲ್ ಹಾಕಿ ಕೇಳಿ. ಲೈಂಗಿಕ ಕಿರುಕುಳದ ದಾರಿ ಬೇರೆ: 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು.

ಕಿರುಕುಳ ಅನುಭವಿಸುತ್ತಿರುವವರು ತಾರೀಖು, ಸಮಯ, ಎದುರಿಗಿದ್ದವರು, ಆಡಿದ ಮಾತು ಇದ್ದಂತೆಯೇ ಅವತ್ತೇ ಬರೆದಿಡಿ. ಬಾಯಿಮಾತಿನಲ್ಲಿ ಕೊಟ್ಟ ಅಸಾಧ್ಯ ಡೆಡ್‌ಲೈನಿಗೆ ‘ಇವತ್ತು ಮಾತಾಡಿದಂತೆ’ ಅಂತ ಮೇಲ್ ಕಳಿಸಿ. ಆದರೆ ಆಫೀಸಿನ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಲು ಹೋಗಬೇಡಿ. ಗೌಪ್ಯತೆ ಮುರಿದಿರಿ ಅಂತ ಅದೇ ನಿಮ್ಮನ್ನು ತೆಗೆಯಲು ನೆಪವಾಗುತ್ತದೆ.

ಹೊಸ ಕೆಲಸ ಹುಡುಕುತ್ತಿದ್ದರೆ ಇಂಟರ್ವ್ಯೂನಲ್ಲಿ ಒಂದು ಪ್ರಶ್ನೆ ತಪ್ಪದೇ ಕೇಳಿ: ‘ಈ ಜಾಗದಲ್ಲಿ ನನಗಿಂತ ಮೊದಲಿದ್ದವರು ಎಷ್ಟು ದಿನ ಇದ್ದರು, ಈಗ ಎಲ್ಲಿದ್ದಾರೆ?’