ಹೊಳೆದಂಡೆಯ ಒಂದು ಸೀನು

ನಾನು ರೈಟರ್. ಹೀಗಂದ ಕೂಡಲೇ ಬೆಂಗಳೂರಿನವರು ಯಾವ ಪುಸ್ತಕ ಬರೆದಿದ್ದೀರಿ ಅಂತ ಕೇಳುತ್ತಾರೆ. ಬರೆದಿರುವುದು ಹಾಜರಿ ಪುಸ್ತಕ. ಸಿದ್ದಾಪುರದ ಹತ್ತಿರ ಕಾವೇರಿಗೆ ತಾಗಿಕೊಂಡಿರುವ ಒಂದು ಕಾಫಿ ತೋಟದಲ್ಲಿ ಆಳುಗಳ ಲೆಕ್ಕ, ಹಣ್ಣಿನ ತೂಕ, ಗೊಬ್ಬರದ ಚೀಟಿ. ಇಷ್ಟೇ ನನ್ನ ಸಾಹಿತ್ಯ.

ಹೋದ ಡಿಸೆಂಬರಿನಲ್ಲಿ ಅಕ್ಕನ ಮಗ ಹೊಸ ಕ್ಯಾಮೆರಾ ಕೊಂಡು, ಹಳೆಯದನ್ನು ನನಗೆ ದಾಟಿಸಿದ. ಜೊತೆಗೆ 70-300ರ ಲೆನ್ಸು. ತೋಟದಲ್ಲಿ ನವಿಲು, ಮಂಗಟ್ಟೆ, ಕೆಂಜಳಿಲು ಎಲ್ಲ ಇವೆ. ಆಫೀಸಿನ ಜಗಲಿಯಲ್ಲಿ ಕೂತೇ ಫೋಟೋ ಹೊಡೆಯಬಹುದಿತ್ತು. ಆದರೆ ನನಗೆ ಬೇಕಾದದ್ದು ನೀರುನಾಯಿ. ಯಾಕಂದರೆ ಅದನ್ನು ಎಲ್ಲರೂ ನೋಡಿದ್ದಾರೆ, ನಾನೊಬ್ಬ ನೋಡಿಲ್ಲ. ಬಟ್ಟೆ ಒಗೆಯುವ ಲೈನ್ ಮನೆಯ ಹೆಂಗಸರು ನೋಡಿದ್ದಾರೆ. ಶಾಲೆ ತಪ್ಪಿಸಿ ಹೊಳೆಗೆ ಹಾರುವ ಹುಡುಗರು ನೋಡಿದ್ದಾರೆ. ಬಲೆ ಹಾಕುವ ಅಜ್ಜ ಅಂತೂ ಅದರ ಹೆಸರೆತ್ತಿದರೆ ಸಾಕು, ಬೈಗುಳ ಶುರು.

"ಹಾಳಾದ್ದು, ಮೀನೂ ತಿಂತದೆ, ಬಲೆನೂ ಹರೀತದೆ. ಅದ್ರದ್ದು ಫೋಟೋ ಬೇರೆ ಕೇಡು!"

"ಅಷ್ಟು ಆಸೆ ಇದ್ರೆ ಹಂಪಿ ಕಡೆ ಹೋಗಿ ಮಾವ" ಅಂದ ಅಕ್ಕನ ಮಗ. ಅಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಹೊಳೆಯನ್ನೇ 2015ರಲ್ಲಿ ನೀರುನಾಯಿಗೆ ಅಂತ ಮೀಸಲು ಮಾಡಿದ್ದಾರೆ. ಸರಿ, ಆದರೆ ಹಣ್ಣು ಕುಯ್ಯುವ ಸಮಯದಲ್ಲಿ ರಜೆ ಕೇಳಿದರೆ ಸಾಹುಕಾರರು ನನ್ನನ್ನು ಅಲ್ಲೇ ಬಿಟ್ಟು ಬರುತ್ತಾರೆ. ನಮ್ಮ ಕಾವೇರಿಯೇನು ಕಮ್ಮಿ? ಮಳೆಗಾಲದಲ್ಲಿ ಕೆಂಪು ನೀರು ದಂಡೆ ಮೀರಿ ಹೋಗುವಾಗ ಆನೆ ತೇಲಿ ಬಂದರೂ ಗೊತ್ತಾಗುವುದಿಲ್ಲ. ಡಿಸೆಂಬರಿಗೆ ನೀರು ಇಳಿಯುತ್ತದೆ, ಬಂಡೆ ಮೇಲೇಳುತ್ತದೆ, ಮರಳು ಕಾಣುತ್ತದೆ. ನೀರುನಾಯಿಗಳು ಮೈ ಒಣಗಿಸಲು ಬರುವುದು ಅಲ್ಲಿಗೇ.

ಮೊದಲ ದಿನ ಮಂಜಿನಲ್ಲಿ ಒಂದು ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಎದೆ ಡವಡವ. 62 ಫೋಟೋ ಹೊಡೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕೊಕ್ಕು ಇತ್ತು. ನೀರುಕಾಗೆ.

ಎರಡನೇ ದಿನ ಹೊಳೆಯ ತನಕ ಹೋಗಲೇ ಇಲ್ಲ. ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು. ಹೊಗೆಯಾಡುತ್ತಿತ್ತು. ಅಷ್ಟು ಸಾಕು.

ಮೂರನೇ ದಿನ ನೆಗಡಿ. ಎರಡೂ ಮೂಗು ಸಿಮೆಂಟ್ ಹಾಕಿದ ಹಾಗೆ ಬಂದ್. ಕರಿಮೆಣಸಿನ ಕಷಾಯ ಕುಡಿದರೆ ಅದು ಬಿಸಿನೀರೋ ಕಷಾಯವೋ ತಿಳಿಯುತ್ತಿರಲಿಲ್ಲ. ಈ ಮೂಗನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾಲ್ಕನೇ ದಿನ ಆರು ಗಂಟೆಗೇ ಹೋದೆ. ನೀರಿನ ಅಂಚಿನಲ್ಲಿ ಎಂಥ ಜಾಗ ಸಿಕ್ಕಿತು ಅಂತೀರಿ! ಚಪ್ಪಟೆ ಬಂಡೆ, ಮೇಲೆ ತೆಳ್ಳಗೆ ಮರಳು, ಸುತ್ತ ಹುಲ್ಲು ಯಾರೋ ಚಾಪೆ ಹಾಸಿದ ಹಾಗೆ ಮಲಗಿತ್ತು. ಫೋಟೋದವರು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕಂತೆ. ಇಳಿದೆ. ಹೊಟ್ಟೆ ಮೇಲೆ ಮಲಗಿದೆ. ಬಂಡೆ ಅಲ್ಲಲ್ಲಿ ಜಿಗುಟಾಗಿತ್ತು. ಇಬ್ಬನಿ ಅಂದುಕೊಂಡೆ.

ಏಳು ಗಂಟೆ ಹೊತ್ತಿಗೆ ಶಿಳ್ಳೆ ಕೇಳಿತು. ಬಂದವು ನೋಡಿ, ಒಂದಲ್ಲ, ಐದು! ಒಂದು ಎದುರಿನ ಬಂಡೆ ಹತ್ತಿ, ಮೀನನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಕಡೆಯಿಂದ ಕಟಕಟ ಅಗಿಯತೊಡಗಿತು. ನಾವು ಕಬ್ಬು ತಿಂದ ಹಾಗೆ. ಬಟನ್ ಒತ್ತಿದೆ. ಕ್ಯಾಮೆರಾ ಮುಂದಿನ ಹುಲ್ಲಿಗೆ ಫೋಕಸ್ ಮಾಡಿತು. ಮತ್ತೆ ಒತ್ತಿದೆ. ಮತ್ತೆ ಹುಲ್ಲು. ಆ ಹುಲ್ಲಿನ ಒಂದೊಂದು ಇಬ್ಬನಿ ಹನಿಯೂ ನನ್ನ ಹತ್ತಿರ ಇದೆ, ಬೇಕಾದವರಿಗೆ ಕಳಿಸುತ್ತೇನೆ. ಕೈಯಲ್ಲೇ ಫೋಕಸ್ ಮಾಡೋಣ ಅಂದರೆ, ಮೂಗು ಕಟ್ಟಿದ್ದರಿಂದ ಬಾಯಲ್ಲೇ ಉಸಿರು. ಆ ಉಸಿರಿಗೆ ಕನ್ನಡಕವೂ ಮಸುಕು, ಕ್ಯಾಮೆರಾದ ಕಿಂಡಿಯೂ ಮಸುಕು.

ಒರೆಸಿ ನೋಡಿದರೆ ಐದೂ ಸೀದಾ ನನ್ನ ಕಡೆಗೇ ಈಜಿ ಬರುತ್ತಿವೆ! ಎಂಥಾ ನಂಬಿಕೆ ಅಂದುಕೊಂಡೆ. ಇಪ್ಪತ್ತು ಅಡಿ ದೂರದಲ್ಲಿ ಅವುಗಳಲ್ಲಿ ದೊಡ್ಡದು ನೀರಿನಿಂದ ಮೇಲೆ ಬಂದು, ಹಿಂಗಾಲ ಮೇಲೆ ನೆಟ್ಟಗೆ ನಿಂತು, ನನ್ನನ್ನೇ ನೋಡಿತು. ಫೋಕಸ್ ಕೂಡ ಸಿಕ್ಕಿತು. ಆಗ ಬಂತು ಸೀನು. ತಡೆದೆ. ಎರಡನೆಯದನ್ನೂ ತಡೆದೆ. ಮೂರನೆಯದು ಮೊದಲಿನ ಎರಡನ್ನೂ ಸೇರಿಸಿಕೊಂಡು ಬಂತು. ಕಣ್ಣು ಬಿಟ್ಟಾಗ ಹೊಳೆಯಲ್ಲಿ ಐದು ಅಲೆ ಇದ್ದವು. ಸೀನಿದಾಗ ಬೆರಳು ಬಟನ್ ಮೇಲೇ ಇತ್ತಲ್ಲ, ಹಾಗಾಗಿ ಆಕಾಶದ ಫೋಟೋ ಬಿದ್ದಿದೆ. ಚೆನ್ನಾಗಿ ಬಂದಿದೆ.

ಎಂಟಕ್ಕೆ ಹಾಜರಿ, ಹಾಗಾಗಿ ಅಲ್ಲಿಂದಲೇ ತೋಟಕ್ಕೆ ಓಡಿದೆ. ಹೆಸರು ಕೂಗಿದಂತೆ ಹೆಂಗಸರೆಲ್ಲ ಸೆರಗನ್ನು ಮೂಗಿನ ತನಕ ಎಳೆದುಕೊಂಡರು. ಇವತ್ತು ಮರ್ಯಾದೆ ಜಾಸ್ತಿ ಆಯ್ತಲ್ಲ ಅನಿಸಿತು. ಮೇಸ್ತ್ರಿ ಮಾತ್ರ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹತ್ತಿರ ಬರಲೇ ಇಲ್ಲ. "ಆಮೇಲೆ ಹಾಕ್ತೇನೆ ರೈಟರೇ" ಅಂತ ಹಿಂದಕ್ಕೆ ನಡೆದುಕೊಂಡೇ ಹೋದ.

ಮನೆಗೆ ಬಂದು ಜಾಕೆಟನ್ನು ಅಡುಗೆಮನೆ ಕಿಟಕಿಯ ಹೊರಗೆ ನೇತುಹಾಕಿ ಸ್ನಾನಕ್ಕೆ ಹೋದೆ. ವಾಪಸ್ ಬರುವಷ್ಟರಲ್ಲಿ ಇವಳು ಅರ್ಧ ಕಾಯಿ ತುರಿದು, ಮೆಣಸು ಹುರಿದು, ಮಸಾಲೆ ರುಬ್ಬಿ ಮುಗಿಸಿದ್ದಳು.

"ರೀ, ಮೀನು ಎಲ್ಲಿಟ್ರಿ?"

"ಯಾವ ಮೀನು?"

"ಸುಮ್ನೆ ಆಟ ಆಡ್ಬೇಡಿ. ಮನೆ ಇಡೀ ವಾಸನೆ ಬರ್ತಿದೆ."

ಅಷ್ಟರಲ್ಲಿ ಬಲೆಯ ಅಜ್ಜ ಬುಟ್ಟಿ ಹೊತ್ತು ಗೇಟಿನ ಹತ್ತಿರ ಬಂದರು. ಜಾಕೆಟ್ ನೋಡಿದರು. ಹತ್ತಿರ ಹೋಗಿ, ಎದೆಯ ಭಾಗದಲ್ಲಿ ಅಂಟಿದ್ದ ಮೀನಿನ ಪೊರೆಯನ್ನು ಕಡ್ಡಿಯಿಂದ ಎಬ್ಬಿಸಿ ನೋಡಿದರು.

"ರೈಟರೇ, ಆ ಚಪ್ಪಟೆ ಕಲ್ಲಿನ ಮೇಲೆ ಮಲಗಿದ್ರಾ? ಅದು ಅವುಗಳ ಕಕ್ಕಸು. ಇಡೀ ಸಂಸಾರ ದಿನಾ ಬೆಳಗ್ಗೆ ಅಲ್ಲಿಗೇ ಬರೋದು."

ಆ ದೊಡ್ಡದರ ಮುಖ ಆಗ ನೆನಪಾಯಿತು. ಕಕ್ಕಸಿನ ಬಾಗಿಲು ತೆಗೆದಾಗ ಒಳಗೆ ಯಾರೋ ಕೂತಿದ್ದರೆ ನಮಗೆ ಬರುವ ಮುಖವೇ ಅದು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ನೀರುನಾಯಿ ಹುಲಿ, ಆನೆಗಳ ಸಾಲಿನಲ್ಲೇ ಮೊದಲನೇ ಪಟ್ಟಿಯಲ್ಲಿದೆ. ಅಷ್ಟು ದೊಡ್ಡವರನ್ನು ಅರ್ಜೆಂಟಿನಲ್ಲಿ ತಡೆದು ನಿಲ್ಲಿಸಿದ್ದಕ್ಕೆ ಏನು ಶಿಕ್ಷೆ ಅಂತ ಕಾಯ್ದೆಯಲ್ಲಿ ಬರೆದಿರಲಿಕ್ಕಿಲ್ಲ.

ರುಬ್ಬಿದ ಮಸಾಲೆ ಹಾಳಾಗಬಾರದಲ್ಲ, ಅಜ್ಜನ ಬುಟ್ಟಿಯಿಂದ ಅರ್ಧ ಕಿಲೋ ಮೀನು ತೂಗಿಸಿದೆ. ನೀರುನಾಯಿ ತಿಂದು ಉಳಿಸಿದ್ದು ಇಷ್ಟೇ ಅಂತ ಹೇಳಿ ಇಪ್ಪತ್ತು ರೂಪಾಯಿ ಜಾಸ್ತಿ ತಗೊಂಡರು.