ಗೋಲು ಬಿದ್ದ ಮೇಲಿನ ಒಂದು ನಿಮಿಷ

ಕಳೆದ ಭಾನುವಾರ ಕೊಡಗಿನ ಸುಂಟಿಕೊಪ್ಪದ ಹತ್ತಿರ ನಡೆದ ಫುಟ್‌ಬಾಲ್ ಪಂದ್ಯದಲ್ಲಿ ನಾನು ಆಟ ಕಲಿಸುವ ನಮ್ಮ ಹುಡುಗರು 1–4ರಿಂದ ಸೋತರು. ಆಟವೆಂದ ಮೇಲೆ ಸೋಲು ಇದ್ದದ್ದೇ. ಆದರೆ ಸೋತ ಬಗೆ ನನ್ನ ನಿದ್ದೆ ಕೆಡಿಸಿದೆ.

ವಿರಾಮದ ನಂತರವೂ ಹತ್ತು ನಿಮಿಷ ನಾವೇ 1–0 ಮುಂದಿದ್ದೆವು. ಮಳೆ ಸಣ್ಣಗೆ ಹನಿಯುತ್ತಿತ್ತು. ದೂರದಿಂದ ಬಂದ ಒಂದು ಸಾಧಾರಣ ಹೊಡೆತ ನಮ್ಮ ಗೋಲ್‌ಕೀಪರ್‌ನ ಒದ್ದೆ ಗ್ಲೌಸಿನಿಂದ ಜಾರಿ, ಕಾಲಿನ ಸಂದಿಯಲ್ಲಿ ಉರುಳಿ ಒಳಗೆ ಹೋಯಿತು. ಅವನಿಗೆ ಹದಿನಾರು ವರ್ಷ. ಕ್ಯಾಪ್ಟನ್ ಎರಡೂ ಕೈ ಮೇಲೆತ್ತಿ ಅವನ ಮೇಲೆ ಕೂಗಾಡಿದ. ಗೆರೆಯಾಚೆ ಕೊಡೆ ಹಿಡಿದು ನಿಂತಿದ್ದ ದೊಡ್ಡವರೂ ದನಿಗೂಡಿಸಿದರು. ಅಲ್ಲಿಂದ ಮುಂದೆ ಪ್ರತಿಯೊಬ್ಬನೂ ಆ ಗೋಲಿನ ಸಾಲವನ್ನು ತಾನೊಬ್ಬನೇ ತೀರಿಸಲು ಹೊರಟ. ಬಲಬದಿಯ ಡಿಫೆಂಡರ್ ಜಾಗ ಬಿಟ್ಟು ಮುಂದೆ ಓಡಿದ. ನಡುವೆ ಆಡುವ ಹುಡುಗ ಪಾಸ್ ಕೊಡುವುದನ್ನೇ ಮರೆತ. ಅವರು ತೆರವು ಮಾಡಿದ ಜಾಗದಲ್ಲೇ ಎದುರಾಳಿಗಳು ನುಗ್ಗಿ ಮತ್ತೆ ಮೂರು ಗೋಲು ಹೊಡೆದರು. ಗೋಲ್‌ಕೀಪರ್ ಮಾತ್ರ ಗೆರೆ ಬಿಟ್ಟು ಕದಲಲಿಲ್ಲ. ಮುಂದೆ ಬಂದು ಹಿಡಿಯಬೇಕಾದ ಚೆಂಡಿಗೂ ಅಲ್ಲೇ ನಿಂತ.

ಪಂದ್ಯ ಮುಗಿದ ಮೇಲೆ ನಲ್ಲಿಯ ಬಳಿ ಮುಖ ತೊಳೆಯುವ ನೆವದಲ್ಲಿ ಅಳುತ್ತಿದ್ದ. “ಅಣ್ಣಾ, ಇನ್ನು ನಾನು ಗೋಲಿಗೆ ನಿಲ್ಲುವುದಿಲ್ಲ” ಎಂದ.

ಗಟ್ಟಿ ಮನಸ್ಸು ಎಂದರೆ ಹಲ್ಲು ಕಚ್ಚಿ ಓಡುವುದು, ಎದೆ ತಟ್ಟಿ ಕೂಗುವುದು ಎಂದು ಹುಡುಗರಿಗೆ ಕಲಿಸಿದವರು ನಾವೇ. ನಾನು ಅದನ್ನು ಬೇರೆ ಕಡೆ ಹುಡುಕುತ್ತೇನೆ. ಗೋಲು ಬಿದ್ದು, ಚೆಂಡು ಬಲೆಯಿಂದ ಮಧ್ಯದ ವೃತ್ತಕ್ಕೆ ಮರಳುವವರೆಗೆ ಸಿಗುವ ಆ ಒಂದು ನಿಮಿಷದಲ್ಲಿ.

1958ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಸ್ವೀಡನ್ ನೆಲದಲ್ಲಿ, ಸ್ವೀಡನ್ ವಿರುದ್ಧ, ನಾಲ್ಕನೇ ನಿಮಿಷಕ್ಕೇ ಬ್ರೆಜಿಲ್ ಗೋಲು ಬಿಟ್ಟುಕೊಟ್ಟಿತು. 1950ರಲ್ಲಿ ತವರಿನಲ್ಲೇ ಉರುಗ್ವೆಗೆ ಸೋತ ಗಾಯ ಆ ದೇಶಕ್ಕೆ ಇನ್ನೂ ಆರಿರಲಿಲ್ಲ. ಆಗ ಬ್ರೆಜಿಲ್‌ನ ನಡುವಿನ ಆಟಗಾರ ಡಿಡಿ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ಜೊತೆಗಾರರಿಗೆ ಸಮಾಧಾನ ಹೇಳುತ್ತ, ಮಧ್ಯದವರೆಗೂ ನಿಧಾನವಾಗಿ ನಡೆದುಕೊಂಡು ಬಂದರು. ಕ್ಯಾಪ್ಟನ್ ಅವರಲ್ಲ, ಬೆಲ್ಲಿನಿ. ಆ ನಡಿಗೆಗೆ ಕ್ಯಾಪ್ಟನ್‌ನ ತೋಳಿನ ಪಟ್ಟಿಯೇನೂ ಬೇಕಾಗಲಿಲ್ಲ. ಐದು ನಿಮಿಷದಲ್ಲಿ ವಾವಾ ಸಮ ಮಾಡಿದರು. ಹದಿನೇಳರ ಪೆಲೆ ಎರಡು ಗೋಲು ಹೊಡೆದರು. ಬ್ರೆಜಿಲ್ 5–2ರಿಂದ ಗೆದ್ದಿತು.

ಅದೇ ಬ್ರೆಜಿಲ್ 2014ರ ಸೆಮಿಫೈನಲ್‌ನಲ್ಲಿ, ತನ್ನದೇ ಜನರ ಮುಂದೆ, 23ನೇ ನಿಮಿಷದಿಂದ 29ನೇ ನಿಮಿಷದೊಳಗೆ ಜರ್ಮನಿಗೆ ನಾಲ್ಕು ಗೋಲು ಕೊಟ್ಟಿತು. ಕೊನೆಗೆ 1–7. ನೇಮಾರ್ ಗಾಯಗೊಂಡಿದ್ದರು, ಕ್ಯಾಪ್ಟನ್ ಥಿಯಾಗೊ ಸಿಲ್ವಾ ಅಮಾನತಿನಲ್ಲಿದ್ದರು, ನಿಜ. ಆದರೂ ಆ ಆರು ನಿಮಿಷಗಳನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಒಬ್ಬ ಡಿಡಿಗಾಗಿ ಹುಡುಕುತ್ತದೆ.

ಕೊಡಗಿನವನಾಗಿ ಹಾಕಿಯ ಮಾತು ಎತ್ತದೆ ಇರಲಾರೆ. 1973ರ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ನಾಯಕ ನಮ್ಮ ಎಂ.ಪಿ. ಗಣೇಶ್. 2–0 ಮುಂದಿದ್ದ ಭಾರತವನ್ನು ನೆದರ್ಲೆಂಡ್ಸ್ 2–2ಕ್ಕೆ ಹಿಡಿದು ನಿಲ್ಲಿಸಿತು. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿರುವ ಹೊಡೆತ, ನಮ್ಮವರೇ ಆದ ಬಿ.ಪಿ. ಗೋವಿಂದ ಅವರಿಂದ ಗೋಲಾಗಲಿಲ್ಲ, ಕಪ್ ಕೈತಪ್ಪಿತು. ಎರಡು ವರ್ಷದ ನಂತರ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದ ತಂಡದಲ್ಲಿ ಅದೇ ಗೋವಿಂದ ಇದ್ದರು. ಆ ಒಂದು ಸ್ಟ್ರೋಕಿಗಾಗಿ ಅವರನ್ನು ಯಾರೂ ಮನೆಗೆ ಕಳುಹಿಸಲಿಲ್ಲ. ಈ ಮಣ್ಣಿನಲ್ಲಿ ಬೆಳೆದ ನಾವು ಇದನ್ನು ಮರೆತು, ಹದಿನಾರರ ಹುಡುಗನನ್ನು ಒಂದು ಜಾರಿದ ಚೆಂಡಿಗಾಗಿ ಹೀಗೆಳೆಯುತ್ತೇವಲ್ಲ!

ನಮ್ಮ ಕ್ಯಾಪ್ಟನ್‌ನನ್ನು ನಾನು ದೂರುವುದಿಲ್ಲ. ಹೆಚ್ಚು ಗೋಲು ಹೊಡೆಯುತ್ತಾನೆ ಎಂಬ ಒಂದೇ ಕಾರಣಕ್ಕೆ ಅವನ ತೋಳಿಗೆ ಪಟ್ಟಿ ಕಟ್ಟಿದವನು ನಾನು. ಗೋಲು ಬಿದ್ದಾಗ ಏನು ಮಾಡಬೇಕೆಂದು ಅವನಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಪೆನಾಲ್ಟಿ ಅಭ್ಯಾಸ ಮಾಡಿಸಿದ್ದೆ, ಕಾರ್ನರ್ ಅಭ್ಯಾಸ ಮಾಡಿಸಿದ್ದೆ, ಇದನ್ನು ಮಾಡಿಸಿರಲಿಲ್ಲ.

ಮಂಗಳವಾರ ಅವನನ್ನೂ ಕರೆದುಕೊಂಡು ಗೋಲ್‌ಕೀಪರ್‌ನ ಲೈನ್‌ಮನೆಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗೆ ಹೋದೆ. ಅವನ ತಾಯಿ ಬೆಲ್ಲದ ಕಾಫಿ ಕೊಟ್ಟರು. ಹುಡುಗರಿಬ್ಬರೂ ತುಂಬಾ ಹೊತ್ತು ಬಾಯಿ ಬಿಡಲಿಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ಗ್ಲೌಸ್ ಒಣಗುತ್ತಿದ್ದವು. ತೊಳೆದು ಹಾಕಿದ್ದಾನೆ ಎಂದು ಗೊತ್ತಾದಾಗ ನನಗೆ ಜೀವ ಬಂದಂತಾಯಿತು. ಕ್ಯಾಪ್ಟನ್ ಅವನ್ನು ಮುಟ್ಟಿ ನೋಡಿ, “ಇನ್ನೂ ಹಸಿ ಇದೆ, ನಾಳೆ ನನ್ನದು ತರುತ್ತೇನೆ” ಎಂದ.

ನಾಳಿದ್ದು ಭಾನುವಾರ ಮತ್ತೆ ಪಂದ್ಯವಿದೆ. ಆ ಗೋಲ್‌ಕೀಪರ್ ಹುಡುಗನೇ ಗೋಲಿಗೆ ನಿಲ್ಲುತ್ತಾನೆ. ನೋಡಲು ಬರುವ ಅಣ್ಣಂದಿರಲ್ಲಿ, ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ: ಗೋಲು ಬಿದ್ದರೆ, ಚೆಂಡು ಮಧ್ಯದ ವೃತ್ತ ತಲುಪುವವರೆಗೆ ಹುಡುಗರನ್ನು ಅವರ ಪಾಡಿಗೆ ಬಿಡಿ.