ಎಂಟು ಮೂಲೆಯ ಹಿಮಗೊಂಬೆ

"ಇಷ್ಟೇನಾ?"

ಕಳೆದ ಡಿಸೆಂಬರಿನಲ್ಲಿ ವಿಡಿಯೋ ಕಾಲ್ ಮಾಡಿದ್ದಾಗ ಅಕ್ಕ ಕೇಳಿದ ಮಾತು ಇದು. ನಮ್ಮ ಫ್ರಿಜ್ ಬಾಗಿಲ ಮೇಲೆ ಮಗಳು ಮಾಡಿದ ಕಾಗದದ ಹಿಮಗೊಂಬೆ ಇತ್ತು. ಅಕ್ಕ ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಮರುಕ್ಷಣವೇ ಫೋನ್ ತಿರುಗಿಸಿ ಬೆಂಗಳೂರಿನ ತನ್ನ ಮನೆಯ ಊಟದ ಮೇಜು ತೋರಿಸಿದಳು. ಅವಳ ಮಗನ ಯುಕೆಜಿ ಪ್ರಾಜೆಕ್ಟ್, 'ವಿಂಟರ್ ಸೀಸನ್'. ಥರ್ಮಾಕೋಲಿನ ಇಗ್ಲೂ, ಹತ್ತಿಯ ಹಿಮ, ಮೇಲೆಲ್ಲ ಬೆಳ್ಳಿ ಗ್ಲಿಟರ್. "ಮುಗಿಸೋ ಹೊತ್ತಿಗೆ ರಾತ್ರಿ ಹನ್ನೆರಡಾಯ್ತು ಕಣೋ" ಅಂದಳು.

ಪಕ್ಕದಲ್ಲೇ ಹುಡುಗ ನಿಂತಿದ್ದ. "ಇದ್ರಲ್ಲಿ ನೀನೇನು ಮಾಡ್ದೆ ಪುಟ್ಟಾ?" ಅಂತ ಕೇಳಿದೆ.

"ನಾನು ಮುಟ್ಟೇ ಇಲ್ಲ ಮಾಮ" ಅಂದ. ಹೆಮ್ಮೆಯಿಂದ ಅಂದ. ಮುಟ್ಟದೆ ಇದ್ದದ್ದೇ ಜಾಣತನ ಅಂತ ಅವನಿಗೆ ಹೇಳಿಯಾಗಿತ್ತು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾವಿರುವುದು ಟೋಕಿಯೊದ ನಿಶಿಕಸಾಯ್‌ನಲ್ಲಿ. ನಮ್ಮ ದೇಶದವರು ಜಾಸ್ತಿ ಇರುವ ಜಾಗ. ಮಗಳಿಗೆ ನಾಲ್ಕು ವರ್ಷ, ಇಲ್ಲಿಯ ಶಿಶುವಿಹಾರಕ್ಕೆ ಹೋಗುತ್ತಾಳೆ. ಟೋಕಿಯೊದಲ್ಲಿ ಚಳಿ ಇದೆ, ಆದರೆ ಹಿಮ ಬೀಳುವುದು ಅಪರೂಪ. ಹಾಗಾಗಿ ಇಲ್ಲಿಯ ಮಕ್ಕಳೂ ಹಿಮಗೊಂಬೆಯನ್ನು ಮೊದಲು ಕಾಗದದಲ್ಲೇ ಮಾಡುತ್ತಾರೆ. ಅದಕ್ಕೆ ಯುಕಿದರುಮಾ ಅನ್ನುತ್ತಾರೆ. ಯುಕಿ ಅಂದರೆ ಹಿಮ. ದರುಮಾ ಅಂದರೆ ಗುಂಡಗಿರುವ ಕೆಂಪು ಗೊಂಬೆ. ನಮ್ಮ ಕಡೆಯಿಂದ ಚೀನಾಕ್ಕೆ ಹೋದ ಅನ್ನುವ ಬೌದ್ಧ ಭಿಕ್ಷು ಬೋಧಿಧರ್ಮನ ಹೆಸರೇ ಅದು. ಈ ಹಿಮಗೊಂಬೆಗೆ ಎರಡೇ ಉಂಡೆ, ಇಂಗ್ಲಿಷ್ ಚಿತ್ರಪುಸ್ತಕದಲ್ಲಿ ಕಾಣುವ ಹಾಗೆ ಮೂರಲ್ಲ.

ಮಾಡುವುದು ತೀರಾ ಸುಲಭ. ಎರಡು ಚೌಕ ಕಾಗದ ಸಾಕು. ಒಂದು 15 ಸೆಂಟಿಮೀಟರಿನದು, ಇನ್ನೊಂದು ಅದಕ್ಕಿಂತ ಚಿಕ್ಕದು. ಒರಿಗಾಮಿ ಅಂದರೆ ಕಾಗದ ಮಡಿಸುವ ಜಪಾನಿ ಕಲೆ; ಅದರ ಕಾಗದಕ್ಕೆ ಒಂದು ಕಡೆ ಬಣ್ಣ, ಇನ್ನೊಂದು ಕಡೆ ಬಿಳಿ. ಬಣ್ಣದ ಕಡೆ ಮೇಲೆ ಬರುವ ಹಾಗೆ ಇಟ್ಟು, ನಾಲ್ಕೂ ಮೂಲೆಗಳನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ಮಡಿಸಿ, ಮಗುಚಬೇಕು. ಬಿಳಿ ಉಂಡೆ ಸಿದ್ಧ. ಚಿಕ್ಕದಕ್ಕೂ ಹಾಗೇ. ಒಟ್ಟು ಎಂಟು ಮೂಲೆ, ಎಂಟು ಮಡಿಕೆ. ದೊಡ್ಡದರ ಮೇಲೆ ಚಿಕ್ಕದನ್ನು ಅಂಟಿಸಿ ಕ್ರೆಯಾನ್‌ನಲ್ಲಿ ಕಣ್ಣು, ಬಾಯಿ ಬರೆದರೆ ಮುಗಿಯಿತು. ಕತ್ತರಿ ಬೇಡ. ಒಂದು ಕಟ್ಟು ಕಾಗದ ನೂರು ಯೆನ್ ಅಂಗಡಿಯಲ್ಲಿ ತೆರಿಗೆ ಸೇರಿ 110 ಯೆನ್‌ಗೆ ಸಿಗುತ್ತದೆ.

ಅದೇ ತಿಂಗಳ ಮೊದಲಲ್ಲಿ ತಂದೆತಾಯಿ ಬಂದು ತರಗತಿ ನೋಡುವ ದಿನ ಇತ್ತು. ನಾನು ರಜೆ ಹಾಕಿ ಹೋಗಿದ್ದೆ. ಅವತ್ತು ಮಕ್ಕಳು ಹಸಿರು ಕಾಗದದಲ್ಲಿ ಮರ ಮಾಡುತ್ತಿದ್ದರು. ಮೂರು ತ್ರಿಕೋನ ಮಡಿಸಿ, ಒಂದರ ಮೇಲೊಂದು ಅಂಟಿಸುವುದು, ಅಷ್ಟೇ. ಟೀಚರ್ ದೊಡ್ಡ ಕಾಗದ ಹಿಡಿದು ನಿಧಾನಕ್ಕೆ "ಕಾದೊ ತೊ ಕಾದೊ" ಅಂದರು. ಮೂಲೆಗೆ ಮೂಲೆ. ಎಲ್ಲರದೂ ಆಗುವ ತನಕ ಕಾದರು. ಆಮೇಲೆ "ಯುಬಿ ಐರನ್" ಅಂದರು. ಯುಬಿ ಅಂದರೆ ಬೆರಳು. ಮಕ್ಕಳೆಲ್ಲ ತೋರುಬೆರಳನ್ನೇ ಇಸ್ತ್ರಿಪೆಟ್ಟಿಗೆ ಮಾಡಿಕೊಂಡು ಮಡಿಕೆಯ ಮೇಲೆ ಸರ್ರಂತ ಎಳೆದರು.

ನನ್ನ ಮಗಳ ಪಕ್ಕದ ಹುಡುಗನ ಮೂಲೆ ಎರಡು ಬೆರಳಿನಷ್ಟು ಆಚೆ ಹೋಗಿತ್ತು. ನನ್ನ ಕೈ ಚಡಪಡಿಸಿತು. ಟೀಚರ್ ಬಂದರು, ನೋಡಿದರು. ಈಗ ಸರಿ ಮಾಡುತ್ತಾರೆ ಅಂದುಕೊಂಡೆ. ಅವರು "ದೆಕಿತಾ ನೆ" ಅಂದರು. ಮಾಡಿಬಿಟ್ಟೆಯಲ್ಲ, ಅಂತ. ಕಾಗದ ಮುಟ್ಟದೆ ಮುಂದೆ ಹೋದರು. ಆ ಹುಡುಗನ ಮರ ಗಾಳಿಗೆ ಬಾಗಿದ ಹಾಗೆ ಗೋಡೆಗೆ ಹತ್ತಿತು. ಉಳಿದ ಮಕ್ಕಳ ಮರಗಳ ನಡುವೆಯೇ, ಅದೇ ಎತ್ತರದಲ್ಲಿ.

ಇಷ್ಟು ನೋಡಿ ಬಂದಿದ್ದೆ. ಆದರೂ ಅಕ್ಕನ "ಇಷ್ಟೇನಾ?" ಕೇಳಿದ ಸಂಜೆ ನಾನು ಏನು ಮಾಡಿದೆ ಗೊತ್ತಾ? ಹಿಮಗೊಂಬೆಯನ್ನು ಫ್ರಿಜ್‌ನಿಂದ ಬಿಡಿಸಿ, ಸೊಟ್ಟಗಿದ್ದ ಎರಡು ಮೂಲೆ ಬಿಚ್ಚಿ, ಉಗುರಿನಲ್ಲಿ ಒತ್ತಿ ನೇರ ಮಾಡಿದೆ. ಮಗಳು ಬಂದು ನೋಡಿದಳು. ಅಳಲಿಲ್ಲ. "ಅಪ್ಪಾ, ಇದು ಈಗ ನಿಂದು" ಅಂದಳು. ಡ್ರಾಯರ್‌ನಿಂದ ಹೊಸ ಕಾಗದ ತಗೊಂಡು ಕೆಳಗೆ ಕೂತಳು. ನನಗೆ ನಿಜವಾಗಲೂ ನೋವಾಯಿತು.

ನಮ್ಮ ಕಡೆ ಮಗುವಿನ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತೇವೆ. ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತೇವೆ, ಆದರೆ ಕಿತ್ತುಕೊಳ್ಳುವುದಂತೂ ಹೌದು. ನಾಲ್ಕೈದು ವರ್ಷದ ಮಗುವಿಗೆ ಇಗ್ಲೂ ಕೊಟ್ಟರೆ ಅಪ್ಪ ಅಮ್ಮನೇ ಮಾಡಬೇಕು, ಬೇರೆ ದಾರಿ ಇಲ್ಲ. ಎಂಟು ಮಡಿಕೆ ಕೊಟ್ಟರೆ ಮಗುವೇ ಮಾಡುತ್ತದೆ. ಇಲ್ಲಿ ಕೆಲಸವನ್ನು ಮಗುವಿನ ಕೈಗೆ ತಕ್ಕ ಹಾಗೆ ಚಿಕ್ಕದು ಮಾಡಿದ್ದಾರೆ. ಜನವರಿಗೆ ಬುಗುರಿ, ಫೆಬ್ರವರಿ 3ರ ಸುಮಾರಿಗೆ ಬರುವ ಸೆತ್ಸುಬುನ್ ಹಬ್ಬಕ್ಕೆ ಕೊಂಬಿರುವ ಓನಿ ರಾಕ್ಷಸನ ಮುಖ. ಎಲ್ಲ ಆರೇಳು ಮಡಿಕೆಯೊಳಗೆ.

ಇನ್ನೊಂದು ಮಾತು. ಬೆಂಗಳೂರಿನ ಮಗು ಇಗ್ಲೂ ಯಾಕೆ ಮಾಡಬೇಕು? ಅದಕ್ಕೆ ಗೊತ್ತಿರುವ ಚಳಿಗಾಲ ಬೇರೆ. ಬೆಳಗಿನ ಮಂಜು, ಮಂಕಿ ಕ್ಯಾಪ್, ಸಂಜೆ ಮನೆಯವರೆಲ್ಲ ಕೂತು ಅವರೆಕಾಳು ಹಿದುಕುವುದು. ಹಸಿರು ಕಾಗದ ಉದ್ದಕ್ಕೆ ಮಡಿಸಿ ಒಳಗೆ ನಾಲ್ಕು ಚುಕ್ಕೆ ಇಟ್ಟರೆ ಅವರೆಕಾಯಿ ಆಗುತ್ತದೆ. ಚಾರ್ಟ್ ಮೇಲೆ ಒಂದು ಅವರೆಕಾಯಿ ಇದ್ದಿದ್ದರೆ ಅಕ್ಕನ ಮಗ ಖಂಡಿತ ಮುಟ್ಟುತ್ತಿದ್ದ.

ಆ ವಾರವೇ ಇಲ್ಲಿಯ ಲೈಬ್ರರಿಯಿಂದ ಮಕ್ಕಳ ಒರಿಗಾಮಿ ಪುಸ್ತಕ ತಂದೆ. ನನಗೆ ಜಪಾನಿ ಬರಹದ ಕಾಂಜಿ ಅಕ್ಷರ ಅಷ್ಟಾಗಿ ಓದಲು ಬರುವುದಿಲ್ಲ. ಬೇಕಾಗಲೂ ಇಲ್ಲ. ಚುಕ್ಕೆಗೆರೆ ಇದ್ದಲ್ಲಿ ಮಡಿಸು, ಬಾಣ ತೋರಿಸಿದ ಕಡೆ ತಿರುಗಿಸು. ಈ ಗೆರೆ-ಬಾಣಗಳ ಪದ್ಧತಿಯನ್ನು 1950ರ ದಶಕದಲ್ಲಿ ರೂಢಿಗೆ ತಂದವರು ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೋಶಿಜಾವಾ. ಇವತ್ತು ಯಾವ ಭಾಷೆಯವರೂ ಅದನ್ನು ಓದಬಹುದು. ನನ್ನ ಮಗಳು ಓದುತ್ತಾಳೆ, ಅವಳಿಗಿನ್ನೂ ಅ ಆ ಇ ಈ ಕೂಡ ಪೂರ್ತಿ ಬರುವುದಿಲ್ಲ.

ಇದನ್ನೆಲ್ಲ ಅಕ್ಕನಿಗೆ ಹೇಳಿದಾಗ ಅವಳಿಗೆ ಬೇಜಾರಾಯಿತು. "ನಮ್ಮ ಸ್ಕೂಲ್‌ನಲ್ಲಿ ಎಲ್ಲರ ಪ್ರಾಜೆಕ್ಟೂ ಸಾಲಾಗಿ ಇಡ್ತಾರೆ. ನನ್ನ ಮಗಂದು ಮಾತ್ರ ಸೊಟ್ಟಗಿದ್ರೆ ಅವನೇ ಅಳ್ತಾನೆ" ಅಂದಳು. ಆಫೀಸ್ ಮುಗಿಸಿ, ಟ್ರಾಫಿಕ್ ದಾಟಿ ಬಂದು, ಅಡಿಗೆ ಮಾಡಿ, ಆಮೇಲೆ ಕೂತು ಥರ್ಮಾಕೋಲ್ ಕತ್ತರಿಸಿದವಳು ಅವಳು. ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಇಲ್ಲಿಯದೂ ಪೂರ್ತಿ ಒಪ್ಪುವಂಥದ್ದಲ್ಲ ಅಂತ ಹೇಳಲೇಬೇಕು. ಅವತ್ತು ಗೋಡೆ ಮೇಲಿದ್ದ ಮರಗಳೆಲ್ಲ ಒಂದೇ ಹಸಿರು, ಎಲ್ಲದಕ್ಕೂ ಮೂರೇ ತ್ರಿಕೋನ. ನನ್ನ ಮಗಳು ನಾಲ್ಕನೆಯದು ಕೇಳಿದಳು. "ಇವತ್ತು ಮೂರು" ಅಂದರು ಟೀಚರ್, ನಗುತ್ತಲೇ. ಅದು ನನಗೆ ಹಿಡಿಸಲಿಲ್ಲ. ಶಿಶುವಿಹಾರದ ಈ ಮಡಿಸುವ ಪಾಠ ಪೂರ್ತಿ ಜಪಾನಿನದೂ ಅಲ್ಲ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ತನ್ನ ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳಿಂದ ಕಾಗದ ಮಡಿಸಿಸುತ್ತಿದ್ದ. ಆ ಮಾದರಿಯಲ್ಲಿ ಟೋಕಿಯೊದಲ್ಲಿ 1876ರಲ್ಲಿ ಶಿಶುವಿಹಾರ ಶುರುವಾದಾಗ ಆ ಪಾಠವೂ ಜೊತೆಗೆ ಬಂತು. ಇಲ್ಲಿಯ ಮನೆಗಳಲ್ಲಿ ಕಾಗದದ ಕೊಕ್ಕರೆ ಮಡಿಸುತ್ತಿದ್ದುದು ಅದಕ್ಕಿಂತ ಹಳೆಯದು.

ನಮ್ಮಲ್ಲೂ ಇರಲಿಲ್ಲವೇ? ತಿಪಟೂರಿನಲ್ಲಿ ಮಳೆ ಬಂತು ಅಂದರೆ ಅಜ್ಜ ಹಳೇ ಲೆಕ್ಕದ ಪುಸ್ತಕದ ಹಾಳೆ ಹರಿದು ಕೊಡುತ್ತಿದ್ದರು. ದೋಣಿ ನಾವೇ ಮಡಿಸಬೇಕು. ನನ್ನದು ಮೋರಿ ತಲುಪುವ ಮೊದಲೇ ಮುಳುಗುತ್ತಿತ್ತು. ಅಜ್ಜ ಸುಮ್ನೆ ಇನ್ನೊಂದು ಹಾಳೆ ಕೊಡುತ್ತಿದ್ದರು. ಒಂದು ಸಲವೂ ಮಡಿಸಿ ಕೊಡಲಿಲ್ಲ.

ಈ ಸಂಕ್ರಾಂತಿಗೆ ಎಳ್ಳುಬೆಲ್ಲ ಹಾಕಲು ಮಗಳೇ ಕಾಗದದ ಲೋಟ ಮಡಿಸಿದಳು. ತ್ರಿಕೋನ ಮಾಡಿ ಎರಡು ತುದಿ ಅಡ್ಡ ತರುವುದು, ಇಲ್ಲಿಯ ಮಕ್ಕಳೆಲ್ಲ ಮಾಡುತ್ತಾರೆ. ಹನ್ನೊಂದು ಲೋಟ. ಅಂಟು ಹಾಕಿಕೊಡಲಾ ಅಂತ ಕೇಳಿದೆ, ಬೇಡ ಅಂದಳು. ಮೇಲಿನ ಮಹಡಿಯ ಧಾರವಾಡದ ಆಂಟಿಯ ಮನೆಗೆ ಹೋದೆವು. ಅವಳು ಎರಡೂ ಕೈಯಲ್ಲಿ ಲೋಟ ಕೊಟ್ಟಳು, ಆಂಟಿ ಎರಡೂ ಕೈಯಲ್ಲಿ ತಗೊಂಡರು. ತಳದ ಮೂಲೆಯಿಂದ ಎಳ್ಳು ಸಣ್ಣಗೆ ಸೋರಿ ಆಂಟಿಯ ಅಂಗೈಗೆ ಬಿತ್ತು. "ಯಾರ್ ಮಾಡ್ಯಾರವಾ ಇದನ್ನ?" ಅಂತ ಕೇಳಿದರು.

"ನಾನು" ಅಂದಳು.